ಕುದುರೆ ಹತ್ತಿ ಒಬ್ಬರೇ ಹೊರಟಾಗ: ಕೈಪಟ್ಟಿ, ಬಿಲ್ಲೆ, ಫೋನು, ವಾಚು – ಯಾವುದು ಯಾವುದಕ್ಕೆ?

ಎರಡು ವರ್ಷದ ಹಿಂದೆ, ಫೆಬ್ರವರಿಯ ಒಂದು ಮಧ್ಯಾಹ್ನ, ಇಂಗ್ಲೆಂಡಿನ ಡರ್ಬಿಶೈರ್‌ನ ಬೆಟ್ಟದ ದಾರಿಯೊಂದರಲ್ಲಿ ಕುದುರೆಯಿಂದ ಬಿದ್ದೆ. ದೊಡ್ಡ ಕಾರಣವೇನೂ ಇರಲಿಲ್ಲ. ಗೇಟಿನ ಪಕ್ಕದ ಪೊದೆಯಿಂದ ಫೆಸೆಂಟ್ ಹಕ್ಕಿಯೊಂದು ಪುರ್ರನೆ ಎದ್ದಿತು. ಕುದುರೆ ಬೆದರಿ ಪಕ್ಕಕ್ಕೆ ಜಿಗಿಯಿತು. ನಾನು ನೆಲದಲ್ಲಿದ್ದೆ. ಕುದುರೆ ಬಂದ ದಾರಿಯಲ್ಲೇ ಲಾಯಕ್ಕೆ ಓಡಿತು. ನನ್ನ ಫೋನು ಜೀನಿಗೆ ಕಟ್ಟಿದ ಚೀಲದಲ್ಲಿತ್ತು. ಅದೂ ಕುದುರೆಯ ಜೊತೆಗೇ ಹೋಯಿತು.

ಕಾಲರ್ ಬೋನ್ ಮುರಿದಿತ್ತು. ನಾಯಿ ಕರೆದುಕೊಂಡು ವಾಕಿಂಗ್ ಬಂದ ದಂಪತಿಯ ಕಣ್ಣಿಗೆ ನಾನು ಬಿದ್ದದ್ದು ಮುಕ್ಕಾಲು ಗಂಟೆಯ ಮೇಲೆ. ಅತ್ತ ಲಾಯದಲ್ಲಿ ಖಾಲಿ ಜೀನು ಹೊತ್ತು ಬಂದ ಕುದುರೆಯನ್ನು ಕಂಡು ಲಾಯದ ಯಜಮಾನಿಗೆ ಗಾಬರಿ. ಆದರೆ ನಾನು ಯಾವ ದಾರಿ ಹಿಡಿದಿದ್ದೆ ಅಂತ ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಿ ಹೋಗಿರಲಿಲ್ಲ.

ಕುದುರೆ ಸವಾರಿ ನಾನು ಕಲಿತದ್ದು ಬೆಂಗಳೂರಿನಲ್ಲಿ. ಅಲ್ಲಿ ಒಬ್ಬಳೇ ಇದ್ದ ನೆನಪೇ ಇಲ್ಲ. ಜೀನು ಬಿಗಿಯುವುದರಿಂದ ಹಿಡಿದು ಕುದುರೆ ವಾಪಸ್ ಕಟ್ಟುವವರೆಗೆ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವರು, ಪಕ್ಕದಲ್ಲೇ ಇರುತ್ತಿದ್ದರು. ಬಿದ್ದರೆ ಮೊದಲು ಓಡಿ ಬರುವವರು ಅವರೇ. ಇಂಗ್ಲೆಂಡಿನಲ್ಲಿ ಹಾಗಲ್ಲ. ಕುದುರೆ ಹತ್ತಿ ರಸ್ತೆ, ಕಾಡು, ಬೆಟ್ಟ ಅಂತ ಸುಮ್ನೆ ಸುತ್ತಾಡಿ ಬರುವುದಕ್ಕೆ ಇಲ್ಲಿ ಹ್ಯಾಕಿಂಗ್ ಅನ್ನುತ್ತಾರೆ. ತುಂಬ ಜನ ಒಬ್ಬರೇ ಹೋಗುತ್ತಾರೆ. ಬೆಂಗಳೂರಿನಲ್ಲಿ ಸೈಸ್ ಮಾಡುತ್ತಿದ್ದ ಕೆಲಸವನ್ನೆಲ್ಲ ಇಲ್ಲಿ ಯಾವುದೋ ಪಟ್ಟಿ, ಯಾವುದೋ ಆ್ಯಪ್, ಯಾರೋ ಒಬ್ಬರು ಹಂಚಿಕೊಂಡು ಮಾಡಬೇಕು.

ಭುಜ ವಾಸಿಯಾಗುವವರೆಗೆ ಕೂತು ಇವನ್ನೆಲ್ಲ ಓದಿದೆ. ಆಮೇಲೆ ಕೆಲವನ್ನು ಕೊಂಡೆ, ಕೆಲವನ್ನು ಲಾಯದ ಗೆಳತಿಯರಿಂದ ಎರವಲು ಪಡೆದು ನೋಡಿದೆ. ಒಂದು ವಿಷಯ ಸ್ಪಷ್ಟವಾಯಿತು. ಅಂಗಡಿಯಲ್ಲಿ ಎಲ್ಲದಕ್ಕೂ ‘ಸುರಕ್ಷತೆ’ ಎಂಬ ಒಂದೇ ಹೆಸರು. ಆದರೆ ಒಂಟಿ ಸವಾರ ಬಿದ್ದಾಗ ಏಳುವ ಪ್ರಶ್ನೆಗಳು ಮೂರು. ಇವರು ಯಾರು? ಎಲ್ಲಿದ್ದಾರೆ? ಬಿದ್ದಿದ್ದಾರೆ ಅಂತ ಯಾರಿಗಾದರೂ ಗೊತ್ತಾಯಿತಾ? ಒಂದಕ್ಕೆ ಉತ್ತರ ಕೊಡುವ ವಸ್ತು ಇನ್ನೊಂದಕ್ಕೆ ಉಪಯೋಗಕ್ಕೆ ಬಾರದು. ಅಂದು ನನ್ನ ಕೈಯಲ್ಲಿ ಚಿನ್ನದ ಗುರುತಿನ ಪಟ್ಟಿ ಇದ್ದಿದ್ದರೂ ಆ ಮುಕ್ಕಾಲು ಗಂಟೆ ಕಡಿಮೆಯಾಗುತ್ತಿರಲಿಲ್ಲ. ಹಾಗಾಗಿ ವಸ್ತುಗಳನ್ನು ಬೆಲೆಯ ಪ್ರಕಾರ ಅಲ್ಲ, ಪ್ರಶ್ನೆಯ ಪ್ರಕಾರ ಹೋಲಿಸಿದ್ದೇನೆ.

ಎಲ್ಲಕ್ಕೂ ಮೊದಲು ಒಂದು ಮಾತು. ಫೋನು ಮೈಮೇಲೆ ಇರಲಿ, ಕುದುರೆಯ ಮೇಲೆ ಬೇಡ. ತೋಳಿಗೆ ಅಥವಾ ತೊಡೆಗೆ ಕಟ್ಟುವ ಪಟ್ಟಿ, ಇಲ್ಲವೇ ಜಿಪ್ ಇರುವ ಜೇಬು ಆದೀತು. ಬೆನ್ನ ಹಿಂದೆ ಬೇಡ. ಬಿದ್ದಾಗ ಬೆನ್ನುಮೂಳೆಗೂ ನೆಲಕ್ಕೂ ನಡುವೆ ಗಟ್ಟಿ ವಸ್ತು ಇರಬಾರದು.

ಇವರು ಯಾರು?

ಪ್ರಜ್ಞೆ ಇಲ್ಲದೆ ಬಿದ್ದವರ ಬಳಿಗೆ ಬಂದ ಆಂಬುಲೆನ್ಸ್‌ನವರಿಗೆ ಬೇಕಾದದ್ದು ಹೆಸರು, ಯಾರಿಗೆ ಫೋನ್ ಮಾಡಬೇಕು, ಅಲರ್ಜಿ ಅಥವಾ ದೊಡ್ಡ ಕಾಯಿಲೆ ಇದೆಯಾ ಎಂಬುದು. ಇದನ್ನು ಹೇಳಲು ನಾಲ್ಕೈದು ದಾರಿಗಳಿವೆ.

ಅಕ್ಷರ ಕೆತ್ತಿದ ಕೈಪಟ್ಟಿ ನನ್ನ ಮೊದಲ ಆಯ್ಕೆ. ನಾಡಿ ನೋಡಲು ಯಾರೇ ಆಗಲಿ ಮೊದಲು ಹಿಡಿಯುವುದು ಮಣಿಕಟ್ಟು. ಅಲ್ಲಿ ಲೋಹದ ತಗಡು ಇದ್ದರೆ ಕಣ್ಣಿಗೆ ಬಿದ್ದೇ ಬೀಳುತ್ತದೆ. ಇದಕ್ಕೆ ಬ್ಯಾಟರಿ ಬೇಡ, ನೆಟ್‌ವರ್ಕ್ ಬೇಡ. ಮಳೆಯಲ್ಲೂ ಓದಬಹುದು. ಓಟಗಾರರು, ಸೈಕಲ್‌ನವರು ಹಾಕುವ ರಬ್ಬರ್ ಪಟ್ಟಿಯೇ ಸಾಕು, ಕುದುರೆಯವರಿಗೆಂದೇ ಬೇರೆ ಬೇಕಿಲ್ಲ. ಕೈಗವಸಿನ ಒಳಗೆ ಮುಚ್ಚಿ ಹೋಗದಂತೆ ಸ್ವಲ್ಪ ಮೇಲೆ ಹಾಕಿಕೊಳ್ಳಿ, ಅಷ್ಟೇ.

ಕ್ಯೂಆರ್ ಕೋಡ್ ಇರುವ ಪಟ್ಟಿ, ಫೋನ್ ತಾಗಿಸಿದರೆ ವಿವರ ತೋರಿಸುವ ಚಿಪ್ ಪಟ್ಟಿ ಈಗ ಜಾಸ್ತಿ ಬರುತ್ತಿವೆ. ಅವುಗಳಲ್ಲಿ ಬೇಕಾದಷ್ಟು ವಿವರ ತುಂಬಬಹುದು, ಮಾತ್ರೆ ಬದಲಾದರೆ ತಿದ್ದಬಹುದು. ಆದರೆ ಓದಲು ಎದುರಿನವರ ಬಳಿ ಫೋನು ಬೇಕು, ಹೆಚ್ಚಿನವಕ್ಕೆ ನೆಟ್‌ವರ್ಕೂ ಬೇಕು. ನಾನು ಬಿದ್ದ ಜಾಗದಲ್ಲಿ ಒಂದು ಗೆರೆ ಸಿಗ್ನಲ್ ಸಿಗಲು ಆ ದಂಪತಿ ಗುಡ್ಡ ಹತ್ತಬೇಕಾಯಿತು. ಕೋಡ್ ಇರುವ ಪಟ್ಟಿಯೇ ಬೇಕೆನಿಸಿದರೆ, ಹೆಸರು ಮತ್ತು ಒಂದು ಫೋನ್ ನಂಬರನ್ನು ಬರಿಗಣ್ಣಿಗೆ ಕಾಣುವಂತೆ ಬರೆದಿರುವುದನ್ನೇ ಕೊಳ್ಳಿ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು, ಮೂರ್ಛೆ ರೋಗ ಇರುವವರು, ಪೆನಿಸಿಲಿನ್ ಅಲರ್ಜಿಯವರು, ರಕ್ತ ತೆಳುವಾಗಿಸುವ ಮಾತ್ರೆಯವರು – ಇವರಿಗೆ ಮೆಡಿಕ್‌ಅಲರ್ಟ್‌ನಂಥ ವೈದ್ಯಕೀಯ ಗುರುತಿನ ಬಿಲ್ಲೆ ಒಳ್ಳೆಯದು. ಈ ಸಂಸ್ಥೆ 1956ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದದ್ದು, ಬ್ರಿಟನ್ನಿನಲ್ಲೂ ಇದೆ. ಅದರ ಚಿಹ್ನೆ ಆಂಬುಲೆನ್ಸ್‌ನವರಿಗೆ ಪರಿಚಿತ. ಸದಸ್ಯತ್ವಕ್ಕೆ ದುಡ್ಡು ಕೊಡಬೇಕು. ಆರೋಗ್ಯವಾಗಿರುವವರಿಗೆ ಅಷ್ಟು ಖರ್ಚು ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಫೋನಿನ ‘ಮೆಡಿಕಲ್ ಐಡಿ’ಗೆ ಖರ್ಚೇ ಇಲ್ಲ, ಐದು ನಿಮಿಷ ಸಾಕು. ಐಫೋನ್‌ನಲ್ಲಿ ಹೆಲ್ತ್ ಆ್ಯಪ್‌ನಲ್ಲಿ, ಆಂಡ್ರಾಯ್ಡ್‌ನಲ್ಲಿ ತುರ್ತು ಮಾಹಿತಿ ಎಂಬಲ್ಲಿ ತುಂಬಬೇಕು. ಲಾಕ್ ಆಗಿರುವಾಗಲೂ ಕಾಣಿಸಲಿ ಎಂಬ ಆಯ್ಕೆಯನ್ನು ಒತ್ತಲು ಮರೆಯಬೇಡಿ. ನನ್ನ ಗೆಳತಿಯೊಬ್ಬಳು ಎಲ್ಲ ತುಂಬಿ ಅದೊಂದನ್ನು ಬಿಟ್ಟಿದ್ದಳು. ತುಂಬಿದ ಮೇಲೆ ಫೋನ್ ಲಾಕ್ ಮಾಡಿ ಬೇರೆಯವರ ಕೈಗೆ ಕೊಡಿ. ನಿಮ್ಮ ಮನೆಯವರ ನಂಬರನ್ನು ಅವರು ಹುಡುಕಲಿ. ಸಿಗದಿದ್ದರೆ ತಿದ್ದಿ. ಆದರೆ ಇದನ್ನೊಂದನ್ನೇ ನಂಬಬೇಡಿ. ಬಿದ್ದಾಗ ಫೋನೂ ಒಡೆಯಬಹುದು.

ಹೆಲ್ಮೆಟ್‌ಗೆ ಅಂಟಿಸುವ ಸ್ಟಿಕರ್ ನನಗೆ ಅಷ್ಟು ಹಿಡಿಸಲಿಲ್ಲ. ಒಳಗೆ ಅಂಟಿಸಿದರೆ ಹೆಲ್ಮೆಟ್ ತೆಗೆಯುವವರೆಗೆ ಕಾಣದು. ಕುತ್ತಿಗೆಗೆ ಪೆಟ್ಟು ಬಿದ್ದಿರಬಹುದೆಂಬ ಅನುಮಾನ ಇದ್ದಾಗ ಅದನ್ನು ಬೇಗ ತೆಗೆಯುವುದೂ ಇಲ್ಲ. ಹೊರಗೆ ಅಂಟಿಸಿದರೆ ಅಂಟು ಹೆಲ್ಮೆಟ್‌ನ ಚಿಪ್ಪಿಗೆ ಹಾನಿ ಮಾಡುತ್ತದಾ ಅಂತ ತಯಾರಕರನ್ನು ಕೇಳಬೇಕು. ಮೇಲಿನ ಬಟ್ಟೆಯ ಕವಚಕ್ಕೆ ಹೊಲಿದರೆ ಪರವಾಗಿಲ್ಲ.

ಇನ್ನು ಏನು ಬರೆಯಬೇಕು ಎಂಬುದು ನಮ್ಮಂಥವರು ಜಾಸ್ತಿ ಯೋಚಿಸಬೇಕಾದ ವಿಷಯ. 2005ರಲ್ಲಿ ಬಾಬ್ ಬ್ರಾಚಿ ಎಂಬ ಬ್ರಿಟಿಷ್ ಪ್ಯಾರಾಮೆಡಿಕ್ (ಆಂಬುಲೆನ್ಸ್‌ನಲ್ಲಿ ಬಂದು ಚಿಕಿತ್ಸೆ ಕೊಡುವವರು) ಒಂದು ಸುಲಭದ ಉಪಾಯ ಹೇಳಿದರು. ಫೋನಿನಲ್ಲಿ ಹತ್ತಿರದವರ ನಂಬರನ್ನು ‘ಐಸಿಇ’ ಎಂಬ ಮೂರಕ್ಷರದ ಹೆಸರಲ್ಲಿ ಉಳಿಸಿ ಅಂದರು. ‘ಇನ್ ಕೇಸ್ ಆಫ್ ಎಮರ್ಜೆನ್ಸಿ’ಯ ಮೊದಲಕ್ಷರಗಳು ಅವು. ತುರ್ತಿಗೆ ಇವರನ್ನು ಕರೆಯಿರಿ ಅನ್ನುವ ಅರ್ಥ. ಯಾಕೆಂದರೆ ಗಾಯಾಳುವಿನ ಫೋನಿನಲ್ಲಿರುವ ನೂರಾರು ಹೆಸರಲ್ಲಿ ಯಾರು ಯಾರೆಂದು ಅವರಿಗೆ ತಿಳಿಯುತ್ತಿರಲಿಲ್ಲ. ನಮ್ಮ ಫೋನುಗಳನ್ನು ನೋಡಿ. ‘ಅಮ್ಮ’, ‘ಅಕ್ಕ’, ‘ನಮ್ಮವರು’, ‘ಮೈಸೂರು ಮಾವ’. ಡರ್ಬಿಶೈರ್‌ನ ಪ್ಯಾರಾಮೆಡಿಕ್‌ಗೆ ಇದರಲ್ಲಿ ಒಂದಾದರೂ ಅರ್ಥವಾದೀತಾ? ಗಂಡ, ಅಣ್ಣ, ಗೆಳತಿ ಎಂಬ ಸಂಬಂಧವನ್ನು ಇಂಗ್ಲಿಷಿನಲ್ಲೇ ಬರೆದಿಡಿ.

ಊರಿನಲ್ಲಿರುವ ಅಮ್ಮನ ನಂಬರ್ ಕೈಪಟ್ಟಿಗೆ ಬೇಡ. ಇಲ್ಲಿ ಸಂಜೆ ಆರು ಅಂದರೆ ಮೈಸೂರಿನಲ್ಲಿ ರಾತ್ರಿ ಹತ್ತೂವರೆಯೋ ಹನ್ನೊಂದೂವರೆಯೋ. ಯಾರೋ ಇಂಗ್ಲಿಷಿನವರು ಫೋನ್ ಮಾಡಿ ನಿಮ್ಮ ಮಗಳು ಬಿದ್ದಿದ್ದಾಳೆ ಅಂದರೆ ಆ ತಾಯಿ ಏನು ಮಾಡಿಯಾರು? ಅರ್ಧ ಗಂಟೆಯಲ್ಲಿ ಆಸ್ಪತ್ರೆಗೆ ಬರಬಲ್ಲವರ ನಂಬರ್ ಇರಲಿ. ಊರಿಗೆ ಅವರೇ ತಿಳಿಸಲಿ.

ಹೆಸರಿನ ವಿಷಯವೂ ಹಾಗೇ. ನಮ್ಮ ಹೆಸರಿನ ಮುಂದೆ ಊರು, ಅಪ್ಪನ ಹೆಸರು, ಇನಿಷಿಯಲ್ ಎಲ್ಲ ಇರುತ್ತವೆ. ಪಾಸ್‌ಪೋರ್ಟ್‌ನಲ್ಲಿ ಒಂದು ಕ್ರಮ, ಡಾಕ್ಟರ ಬಳಿ ಇನ್ನೊಂದು. ಪಟ್ಟಿಯಲ್ಲಿ ಇರಬೇಕಾದದ್ದು ನಿಮ್ಮ ಜಿಪಿ ಕ್ಲಿನಿಕ್‌ನಲ್ಲಿ, ಅಂದರೆ ಇಲ್ಲಿನ ಕುಟುಂಬ ವೈದ್ಯರ ಬಳಿ, ನೋಂದಾಯಿಸಿರುವ ಹೆಸರು, ಅದೇ ಕಾಗುಣಿತ. ಆಸ್ಪತ್ರೆಯವರು ನಿಮ್ಮ ದಾಖಲೆ ಹುಡುಕುವುದು ಹೆಸರು ಮತ್ತು ಹುಟ್ಟಿದ ದಿನಾಂಕದಿಂದ. ನಾನು ಹುಟ್ಟಿದ ದಿನಾಂಕವನ್ನು ಪಟ್ಟಿಯ ಒಳಮೈಯಲ್ಲಿ ಕೆತ್ತಿಸಿದ್ದೇನೆ. ಮನೆಯ ವಿಳಾಸ ಬರೆಸಿಲ್ಲ. ಪಟ್ಟಿ ಕಳೆದುಹೋದರೆ ಮನೆ ಯಾವುದು ಅಂತ ಊರಿಗೆಲ್ಲ ತಿಳಿಯುವುದು ಬೇಡ.

ಕುದುರೆ ಯಾರದು?

ಸವಾರ ಒಂದು ಕಡೆ, ಕುದುರೆ ಇನ್ನೊಂದು ಕಡೆ – ಬಿದ್ದಾಗ ಹೀಗಾಗುವುದೇ ಹೆಚ್ಚು. ರಸ್ತೆಯಲ್ಲಿ ಒಂಟಿ ಕುದುರೆ ಕಂಡವರು ಅದನ್ನು ಹಿಡಿದು ನಿಲ್ಲಿಸಿದರು ಅನ್ನಿ. ಆಗ ಆ ಕುದುರೆಯೇ ‘ನನ್ನ ಮೇಲೆ ಒಬ್ಬರಿದ್ದರು’ ಅಂತ ಹೇಳಬೇಕು. ಹಾಗಾಗಿ ಕುದುರೆಗೂ ಒಂದು ಬಿಲ್ಲೆ ಬೇಕು.

ಚಿಪ್ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಇಂಗ್ಲೆಂಡಿನಲ್ಲಿ 2020ರ ಅಕ್ಟೋಬರ್ 1ರಿಂದ ಎಲ್ಲ ಕುದುರೆಗಳಿಗೂ ಮೈಕ್ರೋಚಿಪ್ ಕಡ್ಡಾಯ. ಕತ್ತಿನ ಎಡಭಾಗದಲ್ಲಿ ಚರ್ಮದ ಒಳಗೆ ಇರುತ್ತದೆ. ಓದಲು ಸ್ಕ್ಯಾನರ್ ಬೇಕು. ಕಳುವಾದ ಕುದುರೆ ಪತ್ತೆಗೆ, ಮಾಲೀಕತ್ವದ ಜಗಳಕ್ಕೆ ಅದು ಸರಿ. ದಾರಿಹೋಕರ ಬಳಿ ಸ್ಕ್ಯಾನರ್ ಎಲ್ಲಿರುತ್ತದೆ?

ಬಿಲ್ಲೆ ಕಟ್ಟಲು ಮೂರು ಜಾಗ ಇವೆ. ಮುಖಕ್ಕೆ ಹಾಕುವ ಬ್ರೈಡಲ್‌ಗೆ ಕಟ್ಟಿದರೆ ಎದುರಿನಿಂದ ಬೇಗ ಕಾಣುತ್ತದೆ. ಆದರೆ ಬೆದರಿ ಓಡುವ ಕುದುರೆ ಜೋತಾಡುವ ಲಗಾಮಿನ ಮೇಲೆ ಕಾಲಿಟ್ಟು ಬ್ರೈಡಲ್ಲನ್ನೇ ಹರಿದುಕೊಳ್ಳುವುದು ಸಾಮಾನ್ಯ. ಜೂಲಿಗೆ ಹೆಣೆದು ಕಟ್ಟುವ ಬಿಲ್ಲೆ ಹರಿಯದು, ಆದರೆ ಪ್ರತಿ ಸಲ ಹೆಣೆಯುವ ತಾಳ್ಮೆ ಬೇಕು. ಜೀನಿನ ಮುಂದಿನ ಡಿ ಆಕಾರದ ಉಂಗುರಕ್ಕೆ ಕಟ್ಟುವುದೇ ನನಗೆ ಸರಿ ಅನ್ನಿಸಿದ್ದು. ಹೊಟ್ಟೆಪಟ್ಟಿ ಬಿಗಿದ ಜೀನು ಹಾಗೆಲ್ಲ ಕಳಚಿ ಬೀಳುವುದಿಲ್ಲ. ಒಮ್ಮೆ ಕಟ್ಟಿದರೆ ಮತ್ತೆ ನೆನಪಿಡಬೇಕಿಲ್ಲ. ನಾಯಿಯ ಕೊರಳಿಗೆ ಹಾಕುವಂಥ ಹಿತ್ತಾಳೆ ಬಿಲ್ಲೆ ಕೆಲವೇ ಪೌಂಡ್‌ಗೆ ಸಿಗುತ್ತದೆ. ಅದೇ ಸಾಕು.

ಇಲ್ಲಿ ತುಂಬ ಜನ ಮಾಡುವ ತಪ್ಪೊಂದಿದೆ. ಬಿಲ್ಲೆಯಲ್ಲಿ ತಮ್ಮದೇ ಮೊಬೈಲ್ ನಂಬರ್ ಹಾಕಿಸುತ್ತಾರೆ. ಕುದುರೆ ಸಿಕ್ಕವರು ಆ ನಂಬರಿಗೆ ಕರೆ ಮಾಡಿದರೆ ಫೋನು ರಿಂಗಾಗುವುದು ಹಳ್ಳದಲ್ಲಿ ಬಿದ್ದಿರುವ ನಿಮ್ಮ ಜೇಬಿನಲ್ಲಿ! ಕುದುರೆಯ ಬಿಲ್ಲೆಯಲ್ಲಿ ಲಾಯದ ನಂಬರ್, ಮನೆಯವರ ನಂಬರ್ ಇರಲಿ. ಜಾಗ ಇದ್ದರೆ ‘ಸವಾರ ಬಿದ್ದಿರಬಹುದು’ ಎಂಬ ಒಂದು ಸಾಲು ಇಂಗ್ಲಿಷಿನಲ್ಲಿ ಇರಲಿ. ಬರೀ ಕುದುರೆ ತಪ್ಪಿಸಿಕೊಂಡಿದೆ ಅಂದುಕೊಳ್ಳುವವರು ಅದನ್ನು ಓದಿದರೆ ಹಿಂದಿನ ದಾರಿಯನ್ನೂ ನೋಡುತ್ತಾರೆ.

ಎಲ್ಲಿದ್ದಾರೆ?

ಮಾತಾಡಲು ಆಗುವ ಸ್ಥಿತಿ, ಫೋನ್ ಕೈಯಲ್ಲಿದೆ, ಸಿಗ್ನಲ್ ಇದೆ ಅಂದರೆ ಬೇರೆ ಏನೂ ಬೇಡ. ಇಲ್ಲಿನ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಿ. 112 ಒತ್ತಿದರೂ ಇಲ್ಲಿ ಅದೇ ಜಾಗಕ್ಕೆ ಹೋಗುತ್ತದೆ. ಸ್ಮಾರ್ಟ್‌ಫೋನಿನಿಂದ ತುರ್ತು ಕರೆ ಮಾಡಿದಾಗ ಫೋನು ತಾನಾಗಿಯೇ ಜಾಗದ ವಿವರ ಕಳಿಸುವ ವ್ಯವಸ್ಥೆ ಬ್ರಿಟನ್ನಿನಲ್ಲಿ 2014ರಿಂದ ಬೆಳೆದುಬಂದಿದೆ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯದು ಸಿಕ್ಕರೆ ತುರ್ತು ಕರೆ ಹೋಗುತ್ತದೆ. ‘ನನ್ನ ಫೋನಲ್ಲಿ ಗೆರೆ ಇಲ್ಲ’ ಅಂತ ಕೈಬಿಡಬೇಡಿ, ಮಾಡಿ ನೋಡಿ.

ಕರೆ ನಿಲ್ಲದಷ್ಟು ದುರ್ಬಲ ಸಿಗ್ನಲ್ ಇರುವಾಗ ಮೆಸೇಜ್ ಮಾತ್ರ ಹೋಗುವುದುಂಟು. 999ಕ್ಕೆ ಮೆಸೇಜ್ ಕಳಿಸಬಹುದು, ಆದರೆ ಮೊದಲೇ ನೋಂದಾಯಿಸಿರಬೇಕು. ‘ರಿಜಿಸ್ಟರ್’ ಎಂಬ ಇಂಗ್ಲಿಷ್ ಪದವನ್ನು 999ಕ್ಕೆ ಕಳಿಸಿ, ಬರುವ ಉತ್ತರದಲ್ಲಿ ಹೇಳಿದಂತೆ ಮಾಡಿದರೆ ಮುಗಿಯಿತು. ಇದನ್ನು ಇವತ್ತೇ ಮಾಡಿಡಿ.

ಜಾಗವನ್ನು ಬಾಯಲ್ಲಿ ಹೇಳಬೇಕಾದರೆ ಇಲ್ಲಿ ಎರಡು ಪದ್ಧತಿಗಳ ಪೈಪೋಟಿ ಇದೆ. ವಾಟ್‌ತ್ರೀವರ್ಡ್ಸ್ ಎಂಬ ಆ್ಯಪ್ ಇಡೀ ಭೂಮಿಯನ್ನು ಮೂರು ಮೀಟರ್ ಚೌಕಗಳಾಗಿ ಕತ್ತರಿಸಿ, ಸುಮಾರು 57 ಲಕ್ಷ ಕೋಟಿ ಚೌಕಗಳಿಗೆ ಮೂರು ಮೂರು ಪದದ ಹೆಸರಿಟ್ಟಿದೆ. 2013ರಲ್ಲಿ ಶುರುವಾದದ್ದು. ಬ್ರಿಟನ್ನಿನ ಬಹಳಷ್ಟು ತುರ್ತು ಸೇವೆಗಳು ಬಳಸುತ್ತವೆ. ಇನ್ನೊಂದು, ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್ನನ್ಸ್ ಸರ್ವೆಯ ನಕ್ಷೆಯ ಗ್ರಿಡ್ ರೆಫರೆನ್ಸ್, ಅಂದರೆ ಚೌಕದ ಸಂಖ್ಯೆ. ಎರಡು ಅಕ್ಷರ, ಆಮೇಲೆ ಅಂಕಿಗಳು. ಆರು ಅಂಕಿ ಹೇಳಿದರೆ 100 ಮೀಟರ್ ಚೌಕ, ಎಂಟು ಹೇಳಿದರೆ 10 ಮೀಟರ್. ಓಎಸ್ ಲೊಕೇಟ್ ಎಂಬ ಉಚಿತ ಆ್ಯಪ್ ನೆಟ್‌ವರ್ಕ್ ಇಲ್ಲದೆಯೂ ಇದನ್ನು ತೋರಿಸುತ್ತದೆ.

ನನ್ನ ಆಯ್ಕೆ ಅಂಕಿಗಳದ್ದು. ಮೂರು ಪದಗಳಲ್ಲಿ ಒಂದರ ಕೊನೆಗೆ ಒಂದು ‘ಸ್’ ಸೇರಿದರೂ ಜಾಗವೇ ಬೇರೆ. 2021ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಪರ್ವತ ರಕ್ಷಣಾ ತಂಡಗಳ ಸಂಸ್ಥೆ, ಒಂದು ವರ್ಷದಲ್ಲಿ ತಮಗೆ ಬಂದ ಇಂಥ 45 ತಪ್ಪು ಜಾಗಗಳ ಪಟ್ಟಿಯನ್ನೇ ಮುಂದಿಟ್ಟಿತ್ತು. ಇಲ್ಲೇ ಹುಟ್ಟಿ ಬೆಳೆದವರು ಹೇಳಿದ ಪದಗಳೇ ತಪ್ಪಾಗಿ ಕೇಳಿಸುವಾಗ, ಮೂಳೆ ಮುರಿದ ನೋವಿನಲ್ಲಿ, ಗಾಳಿಯ ಸದ್ದಿನಲ್ಲಿ, ನಮ್ಮ ಉಚ್ಚಾರಣೆಯಲ್ಲಿ ಹೇಳಿದ ಪದ ಹೇಗೆ ಕೇಳಿಸೀತು? ಅಂಕಿ ಹಾಗಲ್ಲ. ಒಂದೊಂದಾಗಿ ಹೇಳಬಹುದು, ಅವರು ತಿರುಗಿ ಹೇಳಿದರೆ ಹೋಲಿಸಬಹುದು. ಮೂರು ಪದದ ಆ್ಯಪನ್ನೇ ಇಷ್ಟಪಡುವವರು ಪ್ರತಿ ಪದದ ಅಕ್ಷರಗಳನ್ನು ಬಿಡಿಸಿ ಹೇಳಿ. ಮತ್ತೆ, ಅದು ಕನ್ನಡದಲ್ಲೂ ಇದೆ. ಭಾಷೆಯನ್ನು ಕನ್ನಡಕ್ಕೆ ಇಟ್ಟಿದ್ದರೆ ಇಲ್ಲಿ ಬಳಸುವಾಗ ಇಂಗ್ಲಿಷಿಗೆ ಬದಲಿಸಿ. ಕನ್ನಡದ ಮೂರು ಪದ ಇಂಗ್ಲಿಷ್ ಪದಗಳ ಅನುವಾದವಲ್ಲ.

ಮಾತಾಡಲು ಆಗದಿದ್ದರೆ? ಆಗ ನೀವಿರುವ ಜಾಗ ಮೊದಲೇ ಬೇರೆಯವರ ಫೋನಿನಲ್ಲಿ ಕಾಣುತ್ತಿರಬೇಕು. ವಾಟ್ಸಾಪ್‌ನ ಲೈವ್ ಲೊಕೇಶನ್ ನಮ್ಮವರಿಗೆಲ್ಲ ಗೊತ್ತು. 15 ನಿಮಿಷ, ಒಂದು ಗಂಟೆ, ಎಂಟು ಗಂಟೆ ಎಂಬ ಮೂರೇ ಅವಧಿ. ಎರಡು ಗಂಟೆಯ ಸವಾರಿಗೆ ಎಂಟನ್ನೇ ಆರಿಸಿ, ಬಂದ ಮೇಲೆ ನಿಲ್ಲಿಸಿ. ಐಫೋನ್‌ನ ಫೈಂಡ್ ಮೈ, ಗೂಗಲ್ ಮ್ಯಾಪ್ಸ್‌ನ ಹಂಚಿಕೆ ಸದಾ ಚಾಲೂ ಇರುವುದರಿಂದ ಮರೆಯುವ ಭಯ ಇಲ್ಲ. ಸದಾ ಯಾರಿಗೋ ಕಾಣುತ್ತಿರುವುದು ಇಷ್ಟವಿಲ್ಲದವರಿಗೆ ವಾಟ್ಸಾಪ್ ಸರಿ. ಈಕ್ವಿಲ್ಯಾಬ್‌ನಂಥ ಕುದುರೆ ಸವಾರರ ಆ್ಯಪ್‌ಗಳಲ್ಲೂ ಈ ಸೌಲಭ್ಯ ಇದೆ. ಇವೆಲ್ಲದರ ಮಿತಿ ಒಂದೇ. ಡೇಟಾ ಇಲ್ಲದ ಕಡೆ ಚುಕ್ಕಿ ನಿಂತುಬಿಡುತ್ತದೆ. ಆದರೂ ‘ಕೊನೆಗೆ ಕಂಡದ್ದು ಇಲ್ಲಿ, ಇಷ್ಟು ಹೊತ್ತಿಗೆ’ ಎಂಬುದು ಹುಡುಕುವವರಿಗೆ ದೊಡ್ಡ ಸಹಾಯ.

ಸಿಗ್ನಲ್ಲೇ ಇಲ್ಲದ ಬೆಟ್ಟಗಳಲ್ಲಿ ಹೋಗುವವರಿಗೆ ಉಪಗ್ರಹದ ಸಾಧನಗಳಿವೆ. ಪರ್ಸನಲ್ ಲೊಕೇಟರ್ ಬೀಕನ್ ಅಂದರೆ ಗುಂಡಿ ಒತ್ತಿದರೆ ಸಹಾಯದ ಸಂಕೇತ ಹೋಗುತ್ತದೆ, ಅಷ್ಟೇ. ತಿಂಗಳ ಬಾಡಿಗೆ ಇಲ್ಲ. ಬ್ರಿಟನ್ನಿನಲ್ಲಿ ನೆಲದ ಮೇಲೆ ಬಳಸಲು 2012ರಿಂದ ಅನುಮತಿ ಇದೆ, ಉಚಿತವಾಗಿ ನೋಂದಾಯಿಸಬೇಕು. ಗಾರ್ಮಿನ್ ಇನ್‌ರೀಚ್‌ನಂಥವು ಎರಡೂ ಕಡೆ ಮೆಸೇಜ್ ಮಾಡುತ್ತವೆ, ಆದರೆ ಚಂದಾ ಕಟ್ಟುತ್ತಲೇ ಇರಬೇಕು. ಐಫೋನ್ 14 ಮತ್ತು ಮುಂದಿನವುಗಳಲ್ಲಿ ಉಪಗ್ರಹದ ಮೂಲಕ ತುರ್ತು ಮೆಸೇಜ್ ಮಾಡುವ ಸೌಲಭ್ಯ ಬ್ರಿಟನ್ನಿಗೆ 2022ರ ಡಿಸೆಂಬರ್‌ನಲ್ಲಿ ಬಂತು. ಈಗಾಗಲೇ ಆ ಫೋನು ಇರುವವರು ಅದನ್ನು ಒಮ್ಮೆ ಡೆಮೊ ಮಾಡಿ ಕಲಿತುಕೊಂಡರೆ ಬೇರೆ ಸಾಧನ ಬೇಕೆನಿಸದು. ಬೀಕನ್ನಿಗೆ ಗುಂಡಿ ಒತ್ತುವ ಕೈ ಬೇಕು ಎಂಬುದನ್ನೂ ಮರೆಯಬಾರದು.

ಊರಿಗೆ ಹೊರಟಾಗ ಈ ಉಪಗ್ರಹ ಸಾಧನಗಳನ್ನು ಸೂಟ್‌ಕೇಸಿಗೆ ಹಾಕಬೇಡಿ. ಭಾರತದಲ್ಲಿ ಸರ್ಕಾರದ ಅನುಮತಿ ಇಲ್ಲದೆ ಅವನ್ನು ಇಟ್ಟುಕೊಳ್ಳುವುದು ಅಪರಾಧ. ಗಾರ್ಮಿನ್ ಸಾಧನ ಇಟ್ಟುಕೊಂಡದ್ದಕ್ಕೆ ವಿಮಾನ ನಿಲ್ದಾಣದಲ್ಲಿ ವಿದೇಶಿ ಪ್ರವಾಸಿಗಳನ್ನು ಹಿಡಿದ ಪ್ರಸಂಗಗಳಿವೆ. ಕರ್ನಾಟಕದಲ್ಲಿ ಸವಾರಿ ಮಾಡುವವರಿಗೆ ಕೈಪಟ್ಟಿ, ಜೀನಿನ ಬಿಲ್ಲೆ, ಲೈವ್ ಲೊಕೇಶನ್ ಇವೇ ಸಾಕು. ತುರ್ತಿಗೆ 112, ಆಂಬುಲೆನ್ಸ್‌ಗೆ 108. ಬಿಲ್ಲೆಯಲ್ಲಿ ಕನ್ನಡದಲ್ಲೂ ಬರೆಸಿ. ಹೊಲದಲ್ಲಿ ಕುದುರೆ ಹಿಡಿದ ರೈತರು ಓದುವಂತಿರಬೇಕು.

ಕಣ್ಣಿಗೆ ಬೀಳುವ ಬಟ್ಟೆ

ಬೀಳದಂತೆ ನೋಡಿಕೊಳ್ಳುವುದಕ್ಕೂ, ಬಿದ್ದ ಮೇಲೆ ಸಿಗುವುದಕ್ಕೂ ಬಣ್ಣ ಬೇಕು. ಇಲ್ಲಿನ ಹಳ್ಳಿ ರಸ್ತೆಗಳ ಎರಡೂ ಕಡೆ ಎತ್ತರದ ಬೇಲಿ. 2022ರ ಜನವರಿಯಲ್ಲಿ ಇಲ್ಲಿನ ರಸ್ತೆ ನಿಯಮಗಳ ಪುಸ್ತಕ ಹೈವೇ ಕೋಡ್ ಬದಲಾಗಿ, ಕುದುರೆಯನ್ನು ದಾಟುವಾಗ ಗಂಟೆಗೆ 10 ಮೈಲಿಗಿಂತ ಹೆಚ್ಚು ವೇಗ ಬೇಡ, ಕನಿಷ್ಠ ಎರಡು ಮೀಟರ್ ಜಾಗ ಬಿಡಿ ಅಂತ ಚಾಲಕರಿಗೆ ಹೇಳಿದೆ. ಆದರೆ ಚಾಲಕರಿಗೆ ನಾವು ಕಾಣಬೇಕಲ್ಲ. ಅದೇ ಕೋಡ್ ಪ್ರಕಾರ 30 ಮೈಲಿ ವೇಗದ ಕಾರು ನಿಲ್ಲಲು 23 ಮೀಟರ್ ಬೇಕು, 60 ಮೈಲಿಯದಕ್ಕೆ 73 ಮೀಟರ್.

ಹೊಳೆಯುವ ಹಳದಿ, ಕಿತ್ತಳೆ, ಗುಲಾಬಿ ಬಣ್ಣದ ಬಟ್ಟೆ ಹಗಲಿಗೆ ಮಾತ್ರ. ಬೆಳ್ಳಿಯಂಥ ಪ್ರತಿಫಲಿಸುವ ಪಟ್ಟಿ ಕತ್ತಲಿಗೆ ಮಾತ್ರ, ಅದೂ ಹೆಡ್‌ಲೈಟ್ ಬಿದ್ದಾಗ. ಎರಡೂ ಇರುವುದನ್ನು ಕೊಳ್ಳಿ. ಬಣ್ಣಗಳಲ್ಲಿ ನನಗೆ ಗುಲಾಬಿ ಇಷ್ಟ. ವಸಂತದಲ್ಲಿ ಇಲ್ಲಿನ ಎಳೆ ಎಲೆಗಳ ನಡುವೆ, ಹಳದಿ ರೇಪ್‌ಸೀಡ್ ಹೊಲಗಳ ಪಕ್ಕ ಹಳದಿ ಜಾಕೆಟ್ ಕರಗಿಹೋಗುತ್ತದೆ. ಗುಲಾಬಿ ಬಣ್ಣದ ಪೊದೆ ಕಡಿಮೆ.

ಒಂದೇ ಕೊಳ್ಳುವಷ್ಟು ದುಡ್ಡಿದ್ದರೆ ನಿಮಗೆ ವೆಸ್ಟ್ ತೆಗೆದುಕೊಳ್ಳಿ. ಎರಡನೆಯದಕ್ಕೆ ಕುದುರೆಯ ಕಾಲಿನ ಪಟ್ಟಿ. ಕಾಲು ಸದಾ ಅಲುಗುತ್ತದೆ, ಅಲುಗುವುದು ಕಣ್ಣು ಸೆಳೆಯುತ್ತದೆ. ಹೆಡ್‌ಲೈಟಿನ ಬೆಳಕು ಬೀಳುವುದೂ ಕೆಳಗೇ. ಸವಾರ ಬಿದ್ದು ಕುದುರೆ ಒಂಟಿಯಾಗಿ ರಸ್ತೆಗೆ ಬಂದರೂ ಅದು ಚಾಲಕರಿಗೆ ಕಾಣುತ್ತದೆ. ಕತ್ತಲಲ್ಲಿ ರಸ್ತೆಗೆ ಹೋಗದಿರುವುದೇ ಮೇಲು. ಹೋಗಲೇಬೇಕಾದರೆ ಬಲತೋಳಿಗೋ ಬಲಗಾಲಿಗೋ ಮುಂದಕ್ಕೆ ಬಿಳಿ, ಹಿಂದಕ್ಕೆ ಕೆಂಪು ಕಾಣುವ ದೀಪ ಕಟ್ಟಿಕೊಳ್ಳಿ.

ಹೆಲ್ಮೆಟ್ ಬಗ್ಗೆ ಆಯ್ಕೆಯ ಮಾತೇ ಇಲ್ಲ. ಸರಿಯಾದ ಗುಣಮಟ್ಟದ ಗುರುತು ಇರುವ, ತಲೆಗೆ ಅಳತೆ ನೋಡಿ ಕೊಂಡ ಹೆಲ್ಮೆಟ್ ಬೇಕೇ ಬೇಕು. ಪೆಟ್ಟು ಬಿದ್ದದ್ದನ್ನು ಮತ್ತೆ ಹಾಕಬಾರದು, ಎರವಲು ತರಬಾರದು. ಇಲ್ಲಿ 14 ವರ್ಷದೊಳಗಿನ ಮಕ್ಕಳು ರಸ್ತೆಯಲ್ಲಿ ಹೆಲ್ಮೆಟ್ ಹಾಕುವುದು 1990ರ ಕಾನೂನಿನಿಂದಲೇ ಕಡ್ಡಾಯ. ಬಿದ್ದಾಗ ಗಾಳಿ ತುಂಬಿಕೊಂಡು ಮೈ ಕಾಪಾಡುವ ಏರ್ ವೆಸ್ಟ್‌ಗೆ ನೂರಾರು ಪೌಂಡ್ ಆಗುತ್ತದೆ. ಮೊದಲು ಮೇಲಿನದೆಲ್ಲ ಆಗಲಿ.

ಗೊತ್ತಾಗುವುದು ಯಾರಿಗೆ?

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಅಂದು ನನಗೆ ಕೊರತೆಯಾದದ್ದು ಇದೇ.

ಬಿದ್ದದ್ದನ್ನು ಗುರುತಿಸುವ ವಾಚು ಈಗ ಹೆಚ್ಚು ಜನರ ಬಳಿ ಇದೆ. ಆ್ಯಪಲ್ ವಾಚ್‌ಗೆ ಈ ಗುಣ ಬಂದದ್ದು 2018ರ ನಾಲ್ಕನೇ ಸರಣಿಯಿಂದ. ಜೋರಾಗಿ ಬಿದ್ದು, ಒಂದು ನಿಮಿಷದಷ್ಟು ಹೊತ್ತು ಅಲುಗಾಡದಿದ್ದರೆ ಅದು ತಾನೇ ತುರ್ತು ಕರೆ ಮಾಡುತ್ತದೆ. ಪ್ರಜ್ಞೆ ತಪ್ಪಿದವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಆದರೆ 55 ವರ್ಷ ಆಗದವರು ಸೆಟ್ಟಿಂಗ್‌ನಲ್ಲಿ ಅದನ್ನು ತಾವೇ ಆನ್ ಮಾಡಬೇಕು, ಅಥವಾ ಆನ್ ಇದೆಯಾ ಅಂತ ಖಚಿತಪಡಿಸಿಕೊಳ್ಳಬೇಕು. ವಾಚಿಗೆ ಸ್ವಂತ ಸಿಮ್ ಇಲ್ಲದಿದ್ದರೆ ಫೋನು ಹತ್ತಿರದಲ್ಲೇ ಇರಬೇಕು. ಇಲ್ಲೂ ಸಿಗ್ನಲ್ ಬೇಕು. ಎಲ್ಲ ಬೀಳುವಿಕೆಯೂ ಅದಕ್ಕೆ ತಿಳಿಯುವುದಿಲ್ಲ. ನನ್ನ ಹಾಗೆ ಬಿದ್ದು ನರಳುತ್ತ ಹೊರಳಾಡುವವರಿಗೆ ಅದು ತಾನಾಗಿ ಕರೆ ಮಾಡದೆಯೂ ಇರಬಹುದು. ತೆರೆಯ ಮೇಲೆ ಬರುವ ಗುಂಡಿಯನ್ನು ನಾವೇ ಒತ್ತಬೇಕು. ಗಾರ್ಮಿನ್ ವಾಚುಗಳು ಮನೆಯವರಿಗೆ ಮೆಸೇಜ್ ಕಳಿಸುತ್ತವೆ. ಕೊಳ್ಳುವ ಮೊದಲು ಆ ಗುಣ ಯಾವ ಯಾವ ಚಟುವಟಿಕೆಗೆ ಕೆಲಸ ಮಾಡುತ್ತದೆ ಅಂತ ಕೇಳಿ. ಕೆಲವು ಮಾದರಿಗಳಲ್ಲಿ ಓಟ, ಸೈಕಲ್‌ನಂಥವಕ್ಕೆ ಮಾತ್ರ ಇರುತ್ತದೆ.

ಸಮಯ ಮೀರಿದರೆ ಎಚ್ಚರಿಸುವ ಆ್ಯಪ್‌ಗಳು ಇನ್ನೊಂದು ಬಗೆ. ಐಫೋನ್‌ನಲ್ಲಿ 2023ರಿಂದ ಚೆಕ್ ಇನ್ ಎಂಬುದಿದೆ. ಇಷ್ಟು ಹೊತ್ತಿಗೆ ಮುಗಿಸುತ್ತೇನೆ ಅಂತ ಹೇಳಿಟ್ಟು, ಆಮೇಲೆ ನೀವು ಉತ್ತರಿಸದಿದ್ದರೆ ಅದು ನೀವು ಆರಿಸಿದವರಿಗೆ ತಿಳಿಸುತ್ತದೆ. ಬಿದ್ದರೂ, ದಾರಿ ತಪ್ಪಿದರೂ, ಕುದುರೆಯ ಕಾಲಿಗೆ ಪೆಟ್ಟಾಗಿ ನಡೆಸಿಕೊಂಡು ಬಂದರೂ ಕೆಲಸ ಮಾಡುತ್ತದೆ ಎಂಬುದು ಇದರ ಹೆಚ್ಚುಗಾರಿಕೆ. ತಡವಾಗಿ ತಿಳಿಯುತ್ತದೆ ಎಂಬುದು ಕೊರತೆ.

ದುಡ್ಡು ಹೇಗೆ ಹಾಕಬೇಕು ಅಂತ ಕೇಳಿದರೆ ಹೀಗೆ ಹೇಳುತ್ತೇನೆ. ಊರ ಪಕ್ಕದ ರಸ್ತೆಗಳಲ್ಲಿ ಒಂದು ಗಂಟೆ ಸುತ್ತುವವರು ಬಣ್ಣದ ಬಟ್ಟೆ, ಕೈಪಟ್ಟಿ, ಬಿಲ್ಲೆಗೆ ಮೊದಲು ಹಾಕಿ. ಬೆಟ್ಟ, ಕಾಡಿನಲ್ಲಿ ಹೋಗುವವರು ವಾಚನ್ನೋ ಉಪಗ್ರಹ ಸಾಧನವನ್ನೋ ಯೋಚಿಸಿ. ವಾರಕ್ಕೊಮ್ಮೆ ಬೇರೆಯವರ ಕುದುರೆ ಹತ್ತುವವರು ಜೀನಿಗೆ ಸುಲಭವಾಗಿ ಸಿಕ್ಕಿಸಿ ತೆಗೆಯಬಹುದಾದ ಬಿಲ್ಲೆ ತೆಗೆದುಕೊಳ್ಳಿ. ಏನೂ ಕೊಳ್ಳುವಷ್ಟು ಇಲ್ಲದವರಿಗೂ ಕೊನೆಯದೊಂದು ಆಯ್ಕೆ ಇದೆ. ಎಲ್ಲವನ್ನೂ ಬಳಸಿ ನೋಡಿದ ಮೇಲೂ ನಾನು ಅದಕ್ಕೇ ಮೊದಲ ಸ್ಥಾನ ಕೊಡುವುದು. ಹೇಳಿ ಹೋಗುವುದು.

ಬರೀ ‘ಹೋಗಿ ಬರ್ತೀನಿ’ ಸಾಲದು. ನಾನು ನಮ್ಮ ಮನೆಯವರಿಗೆ ಕಳಿಸುವ ಮೆಸೇಜ್ ಹೀಗಿರುತ್ತದೆ: ‘2.10ಕ್ಕೆ ಹೊರಟೆ. ಕಂದು ಕುದುರೆ, ಗುಲಾಬಿ ವೆಸ್ಟ್. ಕಲ್ಲುಗಣಿ ಸುತ್ತಿ, ಹೊಳೆ ದಾಟಿ, ಚರ್ಚಿನ ಕಡೆಯಿಂದ ವಾಪಸ್. 3.45ಕ್ಕೆ ಲಾಯದಲ್ಲಿ.’ ದಾರಿ ಬದಲಿಸಿದರೆ ಇನ್ನೊಂದು ಮೆಸೇಜ್. 4.00ಕ್ಕೂ ಸುದ್ದಿ ಇಲ್ಲದಿದ್ದರೆ ಅವರು ನನಗೆ ಕರೆ ಮಾಡುತ್ತಾರೆ. ಎತ್ತದಿದ್ದರೆ ಲಾಯಕ್ಕೆ ಕರೆ. ಅಲ್ಲಿಯೂ ಇಲ್ಲ ಅಂದರೆ ನನ್ನ ಲೊಕೇಶನ್ ನೋಡಿ, ಲಾಯದವರನ್ನು ಆ ದಾರಿಗೆ ಕಳಿಸಿ, 999ಕ್ಕೆ ಹೇಳುತ್ತಾರೆ. ಈ ಕ್ರಮವನ್ನು ಕಾಗದದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದ್ದೇವೆ. ಗಾಬರಿಯಲ್ಲಿ ಯಾರಿಗೂ ಏನೂ ಹೊಳೆಯುವುದಿಲ್ಲ. ಲಾಯದ ಬಾಗಿಲಲ್ಲೂ ಈಗ ಒಂದು ಬಿಳಿ ಹಲಗೆ ಇದೆ. ಹೊರಡುವವರೆಲ್ಲ ಹೆಸರು, ದಾರಿ, ಬರುವ ಹೊತ್ತು ಬರೆದೇ ಹೋಗುತ್ತಾರೆ.

ಕಳೆದ ಅಕ್ಟೋಬರ್‌ನಲ್ಲಿ ಒಮ್ಮೆ ನಾನು ವಾಪಸ್ ಬಂದು ಮೆಸೇಜ್ ಮಾಡುವುದನ್ನು ಮರೆತೆ. ಫೋನು ಲಾಯದ ಕಪಾಟಿನಲ್ಲಿತ್ತು, ನಾನು ಕೊಳಾಯಿಯ ಹತ್ತಿರ ಕುದುರೆಯ ಗೊರಸು ತೊಳೆಯುತ್ತಿದ್ದೆ. ಲಾಯದ ಫೋನನ್ನೂ ಯಾರೂ ಎತ್ತಿರಲಿಲ್ಲ. ಹಿಂದೆ ಕಾರು ನಿಂತ ಸದ್ದಾಯಿತು. ತಿರುಗಿ ನೋಡಿದರೆ ಇವರು, ಆಫೀಸಿನ ಬಟ್ಟೆಯಲ್ಲೇ, ಕೈಯಲ್ಲಿ ಫ್ರಿಜ್ ಮೇಲಿನ ಆ ಕಾಗದ ಹಿಡಿದು ನಿಂತಿದ್ದರು. ಈಗ ಜೀನು ಇಳಿಸುವ ಮೊದಲೇ ಮೆಸೇಜ್ ಮಾಡುತ್ತೇನೆ.